ಹಾರ್ಡ್ ಡಿಸ್ಕ್ ಕೆಟ್ಟರೆ ಫ್ರೀಜರ್‌ನಲ್ಲಿಟ್ಟು ಸರಿಮಾಡಬಹುದೇ? ಲ್ಯಾಪ್‌ಟಾಪ್ ಕೊಡುವ ಮುನ್ಸೂಚನೆಗಳನ್ನು ಓದುವುದು ಹೇಗೆ?

"ನಿಮ್ಮ ಲ್ಯಾಪ್‌ಟಾಪ್ ಸ್ಲೋ ಆಗಿದೆಯೇ? ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದು ಶಬ್ದ ಮಾಡುತ್ತಿದೆಯೇ? ಅಂಗಡಿಗೆ ಹೋಗಿ ಸಾವಿರಾರು ರೂಪಾಯಿ ಕಳೆದುಕೊಳ್ಳಬೇಡಿ. ಡಿಸ್ಕ್ ಹೊರತೆಗೆದು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ಬೆಳಿಗ್ಗೆ ಹೊಸದರಂತೆ ಕೆಲಸ ಮಾಡುತ್ತದೆ. ಆಗದಿದ್ದರೆ ಒಮ್ಮೆ ಫಾರ್ಮ್ಯಾಟ್ ಹೊಡೆಯಿರಿ. ಎಲ್ಲರಿಗೂ ಶೇರ್ ಮಾಡಿ."

ಇಂಥದ್ದೊಂದು ಸಂದೇಶ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿತ್ತು. ಎರಡು ದಿನ ಬಿಟ್ಟು ಹಗರಿಬೊಮ್ಮನಹಳ್ಳಿಯಿಂದ ಚಿಕ್ಕಮ್ಮನ ಮಗಳ ಫೋನ್. "ಯಕ್ಕಾ, ಲ್ಯಾಪ್‌ಟಾಪ್ ಟಿಕ್ ಟಿಕ್ ಅನ್ನಾಕತ್ತೈತಿ. ಅಂಗಡ್ಯಾಗ ಫಾರ್ಮ್ಯಾಟ್ ಹೊಡದ್ರ ಸರಿಹೋಗತೈತಿ ಅಂದ್ರು. ಗ್ರೂಪ್‌ನಾಗ ಬಂದಿದ್ದು ಮಾಡಿ ನೋಡ್ಲೇನು?"

"ಅದರಾಗ ಏನೈತಿ?" ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಕಾಲೇಜಿನ ಪ್ರಾಜೆಕ್ಟ್‌ಗಾಗಿ ನಮ್ಮ ಅಜ್ಜಿಯಿಂದ ಹಾಡಿಸಿ ಮುದ್ರಿಸಿಕೊಂಡಿದ್ದ ಬೀಸುವ ಕಲ್ಲಿನ ಪದಗಳು, ಸೋಬಾನೆ ಪದಗಳು ಎಲ್ಲ ಅದರಲ್ಲೇ ಇದ್ದವು. ಒಟ್ಟು 34 ರೆಕಾರ್ಡಿಂಗ್. ಮುದ್ರಿಸಿದ ಫೋನ್ ಮಾರಿಹೋಗಿತ್ತು. ಅಜ್ಜಿ ತೀರಿಕೊಂಡು ವರ್ಷವಾಗಿತ್ತು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಯಾವ ಊರಿಗೆ ಹೋದರೂ ಇಂಥ ಲ್ಯಾಪ್‌ಟಾಪ್‌ಗಳು ಸಿಗುತ್ತವೆ. ಮನೆಯಲ್ಲಿ ಓದುವ ಮಕ್ಕಳ ಹತ್ತಿರ ಇರುತ್ತವೆ, ಫೋಟೊ ಸ್ಟುಡಿಯೊದಲ್ಲಿ, ಝೆರಾಕ್ಸ್ ಅಂಗಡಿಯಲ್ಲಿ, ಗೊಬ್ಬರದ ಅಂಗಡಿಯ ಲೆಕ್ಕದ ಮೇಜಿನ ಮೇಲೆ ಇರುತ್ತವೆ. ಹಲವು ಸೆಕೆಂಡ್‌ಹ್ಯಾಂಡ್. ಒಳಗಿರುವುದು ಹಳೆಯ ಮಾದರಿಯ, ತಿರುಗುವ ಹಾರ್ಡ್ ಡಿಸ್ಕ್. ಅದು ಕೆಡುವಾಗ ಏನಾಗುತ್ತದೆ, ಕೆಡುತ್ತಿದೆ ಎಂದು ತಿಳಿಯುವುದು ಹೇಗೆ, ಆಗ ಏನು ಮಾಡಬೇಕು, ಏನನ್ನು ಮಾಡಲೇಬಾರದು ಎಂಬುದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಹಾರ್ಡ್ ಡಿಸ್ಕ್ ಒಳಗೆ ಇರುವುದೇನು?

ಜಗತ್ತಿನ ಮೊದಲ ಹಾರ್ಡ್ ಡಿಸ್ಕ್ ಯಂತ್ರವನ್ನು ಐಬಿಎಂ ಕಂಪನಿ 1956ರಲ್ಲಿ ಹೊರತಂದಿತು. 24 ಇಂಚು ಅಗಲದ 50 ತಟ್ಟೆಗಳಿದ್ದ ಆ ಯಂತ್ರ ಹಿಡಿದಿಡುತ್ತಿದ್ದದ್ದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೊಗೇ ಅಷ್ಟು ಜಾಗ ಬೇಕಾಗುತ್ತದೆ.

ಗಾತ್ರ ಕುಗ್ಗಿದರೂ ಕೆಲಸ ಮಾಡುವ ರೀತಿ ಬದಲಾಗಿಲ್ಲ. ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನ ಡಿಸ್ಕ್ ಒಳಗೆ ಕನ್ನಡಿಯಂತೆ ಹೊಳೆಯುವ ಒಂದೋ ಎರಡೋ ತಟ್ಟೆಗಳಿರುತ್ತವೆ. ಸಾಮಾನ್ಯವಾಗಿ ಇವು ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ತಟ್ಟೆಯ ಅಂಚಿನ ವೇಗ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 65 ಕಿಲೋಮೀಟರ್ ಆಗುತ್ತದೆ. ಅಂದರೆ ಹೊಸಪೇಟೆ ರಸ್ತೆಯಲ್ಲಿ ಓಡುವ ಬಸ್ಸಿನ ವೇಗ. ಓದುವ, ಬರೆಯುವ ಪುಟ್ಟ ತಲೆ ಆ ತಟ್ಟೆಯನ್ನು ಮುಟ್ಟದೆ ಅದರ ಮೇಲೆ ತೇಲುತ್ತಿರುತ್ತದೆ. ಎರಡರ ನಡುವಿನ ಅಂತರ ಕೆಲವೇ ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರ್ ಎಂದರೆ ಆ ಅಂತರ ಎಷ್ಟು ಕಿರಿದು ಎಂದು ಊಹಿಸಿಕೊಳ್ಳಿ.

ಕೆಡುವ ದಾರಿಗಳು ಇದರಿಂದಲೇ ಅರ್ಥವಾಗುತ್ತವೆ. ಓಡುತ್ತಿರುವಾಗ ಲ್ಯಾಪ್‌ಟಾಪ್ ಕೆಳಗೆ ಬಿದ್ದರೆ ತಲೆ ತಟ್ಟೆಗೆ ತಾಗಿ ಗೀರು ಬೀಳಬಹುದು. ತಲೆಯೇ ದುರ್ಬಲವಾಗಬಹುದು. ತಿರುಗಿಸುವ ಮೋಟಾರ್ ಕೈಕೊಡಬಹುದು. ಹೊರಗಿನ ಸರ್ಕ್ಯೂಟ್ ಬೋರ್ಡ್ ಸುಡಬಹುದು. ಏನೂ ಆಗದೆಯೂ ವರ್ಷಗಳು ಕಳೆದಂತೆ ತಟ್ಟೆಯ ಕೆಲವು ಭಾಗಗಳು ಬರೆದದ್ದನ್ನು ಹಿಡಿದಿಟ್ಟುಕೊಳ್ಳದೆ ಹೋಗಬಹುದು.

ತಟ್ಟೆಯನ್ನು ಸಣ್ಣ ಸಣ್ಣ ಕೋಣೆಗಳಾಗಿ ವಿಂಗಡಿಸಿರುತ್ತಾರೆ. ಇವಕ್ಕೆ ಸೆಕ್ಟರ್ ಎಂದು ಹೆಸರು. 512 ಬೈಟ್‌ಗಳ ಲೆಕ್ಕದಲ್ಲಿ 1 ಟಿಬಿ ಡಿಸ್ಕ್‌ನಲ್ಲಿ ಸುಮಾರು 195 ಕೋಟಿ ಸೆಕ್ಟರ್‌ಗಳಾಗುತ್ತವೆ. ಅಷ್ಟರಲ್ಲಿ ಕೆಲವು ಕೆಡುತ್ತವೆ ಎಂದು ತಯಾರಕರಿಗೂ ಗೊತ್ತು. ಅದಕ್ಕೇ ಪ್ರತಿ ಡಿಸ್ಕ್‌ನಲ್ಲಿ ಕೆಲವು ಕೋಣೆಗಳನ್ನು ಖಾಲಿ ಇಟ್ಟಿರುತ್ತಾರೆ. ಒಂದು ಸೆಕ್ಟರ್ ಕೆಟ್ಟರೆ ಡಿಸ್ಕ್ ತಾನೇ ಅದನ್ನು ಬದಿಗಿಟ್ಟು, ಖಾಲಿ ಕೋಣೆಯೊಂದನ್ನು ಅದರ ಜಾಗಕ್ಕೆ ಹಾಕಿಕೊಳ್ಳುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ. ಹೀಗೆ ಬದಲಿಸುವುದು ಪದೇ ಪದೇ ನಡೆಯತೊಡಗಿದರೆ ಡಿಸ್ಕ್ ಕೊನೆಯ ದಿನಗಳಿಗೆ ಬಂದಿದೆ ಎಂದೇ ತಿಳಿಯಬೇಕು.

ಸ್ಲೋ ಆದದ್ದೆಲ್ಲ ಡಿಸ್ಕ್ ಕೆಟ್ಟದ್ದಲ್ಲ

ಎಲ್ಲರೂ ಮೊದಲು ಹೇಳುವ ದೂರು "ಲ್ಯಾಪ್‌ಟಾಪ್ ಸ್ಲೋ" ಎಂಬುದು. ಇದಕ್ಕೆ ಹಲವು ಕಾರಣಗಳಿವೆ. ವಿಂಡೋಸ್ 10, 11 ಹಿನ್ನೆಲೆಯಲ್ಲಿ ಸದಾ ಏನಾದರೊಂದು ಓದುತ್ತ ಬರೆಯುತ್ತ ಇರುತ್ತವೆ. 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ತಿರುಗುವ ಡಿಸ್ಕ್ ಇದ್ದರೆ, ಡಿಸ್ಕ್ ಆರೋಗ್ಯವಾಗಿದ್ದರೂ ಯಂತ್ರ ತೆವಳುತ್ತದೆ. ಅಪ್‌ಡೇಟ್ ಇಳಿಯುತ್ತಿರುವಾಗ, ಆಂಟಿವೈರಸ್ ಹುಡುಕಾಟ ನಡೆಸುತ್ತಿರುವಾಗ ಇನ್ನಷ್ಟು ತೆವಳುತ್ತದೆ.

ವ್ಯತ್ಯಾಸ ಹಿಡಿಯಲು ಒಂದು ಸುಲಭ ದಾರಿಯಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋಗಿ ಡಿಸ್ಕ್ ಆರಿಸಿ. ಡಿಸ್ಕ್ ಶೇ 100ರಷ್ಟು ಕೆಲಸದಲ್ಲಿದೆ ಎಂದು ತೋರಿಸಿ, ಓದುವ ಬರೆಯುವ ವೇಗವೂ ಸೆಕೆಂಡಿಗೆ ಹತ್ತಾರು ಎಂಬಿ ಇದ್ದರೆ, ಅದು ನಿಜವಾಗಿಯೂ ದುಡಿಯುತ್ತಿದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿ. ಶೇ 100 ಎಂದು ತೋರಿಸುತ್ತಲೇ ವೇಗ ಕೆಲವು ಕೆಬಿಗೆ ಇಳಿದು, ಅವರೇಜ್ ರೆಸ್ಪಾನ್ಸ್ ಟೈಮ್ ಎಂಬ ಅಂಕಿ ಸಾವಿರಾರು ಮಿಲಿಸೆಕೆಂಡ್‌ನಲ್ಲೇ ನಿಂತಿದ್ದರೆ ಅನುಮಾನ ಪಡಬೇಕು. ಓದಲಾಗದ ಒಂದು ಸೆಕ್ಟರನ್ನು ಡಿಸ್ಕ್ ಮತ್ತೆ ಮತ್ತೆ ಓದಲು ಹೆಣಗುತ್ತಿರುವಾಗ ಹೀಗಾಗುತ್ತದೆ.

ಅನುಮಾನ ಪಡಬೇಕಾದ ಲಕ್ಷಣಗಳು

* ಒಂದೇ ಲಯದಲ್ಲಿ ಬರುವ ಟಿಕ್, ಟಿಕ್, ಟಿಕ್ ಶಬ್ದ. ತಲೆ ತನ್ನ ಜಾಗ ಸಿಗದೆ ಹಿಂದೆ ಹೋಗಿ ಮತ್ತೆ ಮುಂದೆ ಬರುವಾಗ ಈ ಶಬ್ದ ಬರುತ್ತದೆ. ಕೆಲಸ ಮಾಡುವಾಗ ಆಗೀಗ ಬರುವ ಸಣ್ಣ ಕರಕರ ಶಬ್ದ ಸಹಜ.
* ಒಂದು ನಿರ್ದಿಷ್ಟ ಫೋಲ್ಡರ್ ತೆರೆದಾಗ ಮಾತ್ರ ಇಡೀ ಲ್ಯಾಪ್‌ಟಾಪ್ ಗಕ್ಕನೆ ನಿಂತುಬಿಡುವುದು.
* ನಕಲು ಮಾಡುವಾಗ ಯಾವಾಗಲೂ ಅದೇ ಫೈಲಿನ ಬಳಿ ದೋಷದ ಸಂದೇಶ ಬರುವುದು.
* ಅರ್ಧ ಮಾತ್ರ ಕಾಣುವ ಫೋಟೊಗಳು, ಹೆಸರು ಕಲಸಿಹೋದ ಫೈಲ್‌ಗಳು.
* ಪ್ರತಿ ಸಲ ಆನ್ ಮಾಡಿದಾಗಲೂ ಡಿಸ್ಕ್ ದುರಸ್ತಿ ಮಾಡುತ್ತೇನೆ ಎಂದು ವಿಂಡೋಸ್ ಹೇಳುವುದು.
* ಒಮ್ಮೆ ಡಿಸ್ಕ್ ಇಲ್ಲ ಎನ್ನುವುದು, ಇನ್ನೊಮ್ಮೆ ಏನೂ ಆಗದಂತೆ ತೆರೆದುಕೊಳ್ಳುವುದು.

ಕೊನೆಯ ಲಕ್ಷಣಕ್ಕೆ ಸಡಿಲವಾದ ಕೇಬಲ್ ಕೂಡ ಕಾರಣವಾಗಬಹುದು. ಆದ್ದರಿಂದ ಒಂದೇ ಲಕ್ಷಣ ನೋಡಿ ತೀರ್ಮಾನಕ್ಕೆ ಬರಬೇಡಿ. ಆದರೆ ಟಿಕ್ ಟಿಕ್ ಶಬ್ದದ ಜೊತೆಗೆ ಮೇಲಿನ ಇನ್ನೊಂದು ಲಕ್ಷಣ ಸೇರಿಕೊಂಡರೆ ಕಾಯಬೇಡಿ.

ಡಿಸ್ಕ್ ಬರೆದಿಡುವ ತನ್ನದೇ ಆರೋಗ್ಯ ವರದಿ

ಇಂದಿನ ಎಲ್ಲ ಹಾರ್ಡ್ ಡಿಸ್ಕ್‌ಗಳಲ್ಲೂ ಸ್ಮಾರ್ಟ್ ಎಂಬ ವ್ಯವಸ್ಥೆ ಇದೆ. ಎಷ್ಟು ಗಂಟೆ ಓಡಿದ್ದೇನೆ, ಎಷ್ಟು ಸೆಕ್ಟರ್ ಬದಲಿಸಿದ್ದೇನೆ, ಎಷ್ಟು ಬಾರಿ ಓದಲಾಗದೆ ಸೋತಿದ್ದೇನೆ ಎಂಬುದನ್ನೆಲ್ಲ ಡಿಸ್ಕ್ ತಾನೇ ಲೆಕ್ಕ ಇಡುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಈ ಲೆಕ್ಕವನ್ನು ತೆರೆದು ತೋರಿಸುತ್ತದೆ. ಲಿನಕ್ಸ್ ಬಳಸುವವರಿಗೆ ಸ್ಮಾರ್ಟ್‌ಮಾನ್‌ಟೂಲ್ಸ್ ಇದೆ. ಡೆಲ್ ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್12, ಎಚ್‌ಪಿ ಆದರೆ ಎಫ್2 ಒತ್ತಿದರೆ ಕಂಪನಿಯೇ ಕೊಟ್ಟಿರುವ ಪರೀಕ್ಷೆ ಹಲವು ಮಾದರಿಗಳಲ್ಲಿ ಸಿಗುತ್ತದೆ.

ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಯಲ್ಲಿ ಗೊರವಪ್ಪ ಬಿಲ್ಲೇರಿ ಒಂದೇ ಸಾಲಿನ ಕಾರ್ಣಿಕ ನುಡಿಯುವುದು ನಮ್ಮ ಕಡೆಯವರಿಗೆಲ್ಲ ಗೊತ್ತು. ಆ ಒಂದು ಸಾಲನ್ನು ಮಳೆ, ಬೆಳೆ, ರಾಜಕೀಯ ಎಂದು ಜನ ತಮ್ಮ ತಮ್ಮಂತೆ ಬಿಡಿಸಿಕೊಳ್ಳುತ್ತಾರೆ. ಸ್ಮಾರ್ಟ್ ವರದಿಯ ಮೇಲ್ಭಾಗದಲ್ಲಿ ಕಾಣುವ ಗುಡ್ ಎಂಬ ಒಂದೇ ಪದವನ್ನೂ ನಾವು ಹೀಗೇ ನಮಗೆ ಬೇಕಾದಂತೆ ಬಿಡಿಸಿಕೊಳ್ಳುತ್ತೇವೆ. ಆದರೆ ಇಲ್ಲಿ ಊಹಿಸುವ ಅಗತ್ಯವಿಲ್ಲ, ಕೆಳಗೆ ಪೂರ್ತಿ ಲೆಕ್ಕವೇ ಇದೆ. ನೋಡಬೇಕಾದ ಸಾಲುಗಳು ನಾಲ್ಕು.

1. ರೀಅಲೊಕೇಟೆಡ್ ಸೆಕ್ಟರ್ಸ್ ಕೌಂಟ್: ಈವರೆಗೆ ಬದಲಿಸಿದ ಕೆಟ್ಟ ಸೆಕ್ಟರ್‌ಗಳು. ಸೊನ್ನೆ ಇರಬೇಕು. ಎರಡು ಮೂರು ಇದ್ದು ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ಗಾಬರಿ ಬೇಡ. ವಾರದಿಂದ ವಾರಕ್ಕೆ ಏರುತ್ತಿದ್ದರೆ ಅಪಾಯ.
2. ಕರೆಂಟ್ ಪೆಂಡಿಂಗ್ ಸೆಕ್ಟರ್ ಕೌಂಟ್: ಈಗ ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು. ಇಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ನಿಮ್ಮ ಯಾವುದೋ ಫೈಲ್ ಆಗಲೇ ತೊಂದರೆಯಲ್ಲಿ ಇರಬಹುದು.
3. ಅನ್‌ಕರೆಕ್ಟಬಲ್ ಸೆಕ್ಟರ್ ಕೌಂಟ್: ಸರಿಪಡಿಸಲಾಗದೆ ಕೈಬಿಟ್ಟವು. ಇದೂ ಸೊನ್ನೆ ಇರಬೇಕು.
4. ಅಲ್ಟ್ರಾಡಿಎಂಎ ಸಿಆರ್‌ಸಿ ಎರರ್ ಕೌಂಟ್: ಇದು ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಕೇಬಲ್ ಅಥವಾ ಕನೆಕ್ಟರ್‌ನದು, ತಟ್ಟೆಯದಲ್ಲ.

ಒಂದು ಎಚ್ಚರಿಕೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಈ ಅಂಕಿಗಳನ್ನು ಮೊದಲಿಗೆ ಹೆಕ್ಸ್ ರೂಪದಲ್ಲಿ, ಅಂದರೆ ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ. ಅಲ್ಲಿ 10 ಎಂದು ಕಂಡರೆ ನಮ್ಮ ಲೆಕ್ಕದಲ್ಲಿ 16. ಫಂಕ್ಷನ್ ಮೆನುವಿನ ಅಡ್ವಾನ್ಸ್‌ಡ್ ಫೀಚರ್‌ನಲ್ಲಿ ರಾ ವ್ಯಾಲ್ಯೂಸ್ ಎಂಬುದನ್ನು ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಬಹುದು. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವಾಗ ಇದೇ ವರದಿಯಲ್ಲಿ ಪವರ್ ಆನ್ ಅವರ್ಸ್ ನೋಡಿ. "ಒಂದು ವರ್ಷ ಬಳಸಿದ್ದು" ಎಂದು ಹೇಳಿದ ಯಂತ್ರ 25,000 ಗಂಟೆ ಓಡಿದೆ ಎಂದು ತೋರಿಸಿದರೆ ಮಾತು ಸುಳ್ಳೆಂದು ಗೊತ್ತಾಗುತ್ತದೆ. ವರ್ಷಕ್ಕೆ ಇರುವುದೇ 8,760 ಗಂಟೆ.

ಗುಡ್ ಎಂದು ಬಂದರೆ ನಿಶ್ಚಿಂತೆಯಿಂದ ಇರಬಹುದೇ?

ಇರಬಾರದು. 2007ರಲ್ಲಿ ಗೂಗಲ್‌ನ ಸಂಶೋಧಕರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ದಾಖಲೆ ಪರಿಶೀಲಿಸಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಎರಡು ಮುಖ್ಯ ಸಂಗತಿಗಳಿದ್ದವು. ಒಂದು, ಮೊದಲ ಸ್ಕ್ಯಾನ್ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷ ಕಾಣದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು. ಇನ್ನೊಂದು, ಕೆಟ್ಟುಹೋದ ಡಿಸ್ಕ್‌ಗಳಲ್ಲಿ ಶೇ 56ರಷ್ಟು ಡಿಸ್ಕ್‌ಗಳು ಸ್ಮಾರ್ಟ್‌ನ ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಕಂಪನಿ 2016ರಲ್ಲಿ ತನ್ನ ಡಿಸ್ಕ್‌ಗಳ ಲೆಕ್ಕ ಕೊಟ್ಟಾಗಲೂ, ಅದು ಗಮನಿಸುತ್ತಿದ್ದ ಐದು ಸೂಚನೆಗಳಲ್ಲಿ ಒಂದೂ ಕಾಣದೆ ಕೆಟ್ಟವು ಶೇ 23.3 ಇದ್ದವು.

ಇವೆರಡೂ ದೊಡ್ಡ ಡೇಟಾ ಸೆಂಟರ್‌ಗಳ ಲೆಕ್ಕ. ನಮ್ಮ ಲ್ಯಾಪ್‌ಟಾಪ್‌ಗಳಂತೆ ಬ್ಯಾಗಿನಲ್ಲಿ ಕುಲುಕಿದ ಡಿಸ್ಕ್‌ಗಳಲ್ಲ. ಆದರೂ ನಮಗೆ ಬೇಕಾದ ಪಾಠ ಅದರಲ್ಲಿದೆ. ವರದಿ ಕೆಟ್ಟದ್ದು ಎಂದರೆ ನಂಬಿ. ಚೆನ್ನಾಗಿದೆ ಎಂದರೆ ಪೂರ್ತಿ ನಂಬಬೇಡಿ.

ಮೊದಲು ನಕಲು, ಆಮೇಲೆ ಪರೀಕ್ಷೆ

ಹೆಚ್ಚಿನವರು ತಪ್ಪುವುದು ಇಲ್ಲೇ. ಡಿಸ್ಕ್ ಕೆಡುತ್ತಿದೆ ಎಂದು ಅನುಮಾನ ಬಂದ ಕೂಡಲೇ ಅದನ್ನು ಪರೀಕ್ಷಿಸುತ್ತ, ದುರಸ್ತಿ ಮಾಡುತ್ತ ಕೂರುತ್ತಾರೆ. ತಟ್ಟೆಯ ಮೂಲೆಮೂಲೆಯನ್ನೂ ಓದುವ ಪೂರ್ಣ ಪರೀಕ್ಷೆಗೆ ಗಂಟೆಗಳು ಬೇಕು. ಏದುಸಿರು ಬಿಡುತ್ತಿರುವವರನ್ನು ಓಡಿಸಿ ಪರೀಕ್ಷಿಸಿದಂತೆ. ಡಿಸ್ಕ್‌ಗೆ ಉಳಿದಿರುವ ಆಯುಷ್ಯವೆಲ್ಲ ಪರೀಕ್ಷೆಯಲ್ಲೇ ಮುಗಿಯಬಹುದು.

ಡಿಸ್ಕ್ ಇನ್ನೂ ತೆರೆಯುತ್ತಿದ್ದರೆ ಸರಿಯಾದ ಕ್ರಮ ಇದು:

1. ಹೊಸ ಫೈಲ್ ಬರೆಯುವುದನ್ನು, ತಂತ್ರಾಂಶ ಹಾಕುವುದನ್ನು ನಿಲ್ಲಿಸಿ. ಅಪ್‌ಡೇಟ್ ಕೂಡ ಬೇಡ.
2. ಬೇರೊಂದು ಡಿಸ್ಕ್ ಅಥವಾ ಪೆನ್‌ಡ್ರೈವ್ ಸಿದ್ಧ ಮಾಡಿಕೊಳ್ಳಿ.
3. ಮತ್ತೆ ಸಿಗದಂಥವನ್ನು ಮೊದಲು ನಕಲು ಮಾಡಿ. ಸಿನಿಮಾ, ಹಾಡು, ತಂತ್ರಾಂಶ ಕೊನೆಗೆ.
4. ಒಂದು ಫೈಲ್ ಬಳಿ ನಿಂತರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ. ಹಟ ಹಿಡಿಯಬೇಡಿ.
5. ಎಲ್ಲ ಮುಗಿದ ಮೇಲೆ ಪರೀಕ್ಷೆ.

ಮೂರನೆಯ ಅಂಶದ ಬಗ್ಗೆ ಒಂದು ಮಾತು. ಪಹಣಿಯ ಪ್ರತಿ ಹೋದರೆ ಭೂಮಿ ವ್ಯವಸ್ಥೆಯಿಂದ ಮತ್ತೆ ಪಡೆಯಬಹುದು. ಹಲವು ಅಂಕಪಟ್ಟಿ, ಪ್ರಮಾಣಪತ್ರಗಳು ಡಿಜಿಲಾಕರ್‌ನಲ್ಲಿ ಸಿಗುತ್ತವೆ. ಮದುವೆಯ ಫೋಟೊ, ಅರ್ಧ ಬರೆದ ಪ್ರಬಂಧ, ಅಂಗಡಿಯ ಉದ್ರಿ ಲೆಕ್ಕ, ತೀರಿಹೋದವರ ದನಿ ಎಲ್ಲಿಯೂ ಮತ್ತೆ ಸಿಗುವುದಿಲ್ಲ. ಗಾಬರಿಯಲ್ಲಿ ನಾವು ಮೊದಲು ಹುಡುಕುವುದು ಸರ್ಕಾರಿ ಕಾಗದಗಳನ್ನೇ. ಅದು ತಿರುವುಮುರುವಾಗಬೇಕು.

ವಿಂಡೋಸ್ ತೆರೆಯದಿದ್ದರೆ ಉಬುಂಟು ಇರುವ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಆನ್ ಮಾಡಿ ಫೈಲ್‌ಗಳನ್ನು ತೆಗೆಯಲು ನೋಡಬಹುದು. ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಇಂಥದ್ದಕ್ಕೆಂದೇ ಇದೆ. ಸುಲಭವಾಗಿ ಓದಲು ಬರುವ ಭಾಗಗಳನ್ನು ಅದು ಮೊದಲು ಇನ್ನೊಂದು ಡಿಸ್ಕ್‌ಗೆ ಸಾಗಿಸುತ್ತದೆ, ಕಷ್ಟದವುಗಳಿಗೆ ಕೊನೆಯಲ್ಲಿ ಕೈಹಾಕುತ್ತದೆ. ಅಭ್ಯಾಸವಿಲ್ಲದಿದ್ದರೆ ತಿಳಿದವರನ್ನು ಜೊತೆಗೆ ಕೂರಿಸಿಕೊಳ್ಳಿ. ಎಲ್ಲಿಂದ ಎಲ್ಲಿಗೆ ಎಂಬುದು ಅದಲುಬದಲಾದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕ್‌ನ ಮೇಲೆ ಬರೆದುಬಿಡುತ್ತದೆ.

ತಂಗಿಯ ಲ್ಯಾಪ್‌ಟಾಪ್‌ಗೆ ಮಾಡಿದ್ದು ಇದನ್ನೇ. ಅವಳು ಅದನ್ನು ಆಫ್ ಮಾಡಿಟ್ಟಳು. ನಾನು ಊರಿಗೆ ಹೋದ ಮೇಲೆ ಪೆನ್‌ಡ್ರೈವ್‌ನಿಂದ ಆನ್ ಮಾಡಿ, ರೆಕಾರ್ಡಿಂಗ್ ಇದ್ದ ಫೋಲ್ಡರನ್ನು ಮೊದಲು ನಕಲಿಗೆ ಹಾಕಿದೆವು. 34ರಲ್ಲಿ 31 ಪೂರ್ತಿ ಬಂದವು. ಎರಡು ನಡುವೆಯೇ ತುಂಡಾಗಿದ್ದವು. ಒಂದು ಬರಲೇ ಇಲ್ಲ. ಫೋಟೊಗಳನ್ನು ತೆಗೆಯುತ್ತಿರುವಾಗ ಡಿಸ್ಕ್ ಶಬ್ದ ನಿಲ್ಲಿಸಿತು, ಮತ್ತೆ ತಿರುಗಲಿಲ್ಲ. ಪರೀಕ್ಷೆ ಮೊದಲು ಮಾಡಿದ್ದರೆ ಹಾಡುಗಳೂ ಅದರ ಜೊತೆಗೇ ಹೋಗುತ್ತಿದ್ದವೇನೋ.

ಹರಿದಾಡುವ ಸಂದೇಶಗಳು: ಯಾವುದು ನಿಜ, ಯಾವುದು ಸುಳ್ಳು?

"ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ"

ಈ ನಂಬಿಕೆ ಹುಟ್ಟಿದ್ದಕ್ಕೆ ಕಾರಣವಿದೆ. ಹಳೆಯ ಕಾಲದ ಕೆಲವು ಡಿಸ್ಕ್‌ಗಳಲ್ಲಿ ತಲೆ ತಟ್ಟೆಗೆ ಅಂಟಿಕೊಳ್ಳುತ್ತಿತ್ತು ಅಥವಾ ಮೋಟಾರ್ ಬಿಗಿಯಾಗುತ್ತಿತ್ತು. ಚಳಿಗೆ ಲೋಹ ಕುಗ್ಗಿ ಕೆಲ ನಿಮಿಷ ಬಿಟ್ಟುಕೊಂಡದ್ದೂ ಉಂಟು. ಆದರೆ ಅದರಿಂದ ಡಿಸ್ಕ್ ದುರಸ್ತಿಯಾಗುತ್ತಿರಲಿಲ್ಲ. ಇಂದಿನ ಡಿಸ್ಕ್‌ಗಳ ರಚನೆ ಬೇರೆ, ತಲೆಯ ಅಂತರ ಇನ್ನೂ ಕಿರಿದು. ಫ್ರೀಜರ್‌ನಿಂದ ತೆಗೆದ ಸ್ಟೀಲ್ ಡಬ್ಬಿಯ ಮೇಲೆ ಹನಿ ಕೂರುವುದನ್ನು ಎಲ್ಲರೂ ನೋಡಿದ್ದೇವೆ. ಡಿಸ್ಕ್‌ಗೆ ಗಾಳಿ ಆಡುವ ಸಣ್ಣ ತೂತು ಇರುತ್ತದೆ, ಹಾಗಾಗಿ ಅದೇ ಹನಿ ತಟ್ಟೆಯ ಮೇಲೂ ಕೂರಬಹುದು. ಕೆಲವೇ ನ್ಯಾನೊಮೀಟರ್ ಮೇಲೆ ತೇಲುವ ತಲೆಗೆ ಒಂದು ಹನಿ ಎಂದರೆ ಬೆಟ್ಟ. ತಜ್ಞರ ಕೈಯಲ್ಲಿ ಉಳಿಯಬಹುದಾಗಿದ್ದ ಮಾಹಿತಿಯೂ ಹೀಗೆ ಹಾಳಾಗುತ್ತದೆ. ಮಾಡಬೇಡಿ.

"ಫಾರ್ಮ್ಯಾಟ್ ಹೊಡೆದರೆ ಕೆಟ್ಟ ಡಿಸ್ಕ್ ಸರಿಹೋಗುತ್ತದೆ"

ಇಲ್ಲ. ಹರಪನಹಳ್ಳಿಯನ್ನೇ ನೋಡಿ. ಬಳ್ಳಾರಿ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆ. ಕಡತದಲ್ಲಿ ವಿಳಾಸ ಬದಲಾಯಿತು, ಊರು ಮಾತ್ರ ಇದ್ದಲ್ಲೇ ಇದೆ. ಕ್ವಿಕ್ ಫಾರ್ಮ್ಯಾಟ್ ಕೂಡ ಹೀಗೆಯೇ. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯನ್ನಷ್ಟೇ ಅದು ಅಳಿಸುತ್ತದೆ. ತಟ್ಟೆಯ ಮೇಲಿನ ಗೀರು ಗೀರಾಗಿಯೇ ಉಳಿಯುತ್ತದೆ. ತಿರುಗುವ ಡಿಸ್ಕ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಆದ ಮೇಲೂ ಫೈಲ್ ಮರಳಿ ಪಡೆಯುವ ಅವಕಾಶ ಇರುವುದೂ ಇದೇ ಕಾರಣಕ್ಕೆ. ಪೂರ್ಣ ಫಾರ್ಮ್ಯಾಟ್ ಮಾಡಿದರೆ ಆ ಅವಕಾಶವೂ ಇಲ್ಲ. ಪ್ರತಿ ಸೆಕ್ಟರ್ ಮೇಲೂ ಸೊನ್ನೆ ಬರೆಯಲಾಗುತ್ತದೆ. ವೈರಸ್ ಅಥವಾ ವಿಂಡೋಸ್ ಕಲಸಿಹೋದದ್ದು ತೊಂದರೆಯಾಗಿದ್ದರೆ ಫಾರ್ಮ್ಯಾಟ್‌ನಿಂದ ಉಪಯೋಗವಿದೆ. ತಟ್ಟೆ ಸವೆದದ್ದಕ್ಕೆ ಅದು ಮದ್ದಲ್ಲ.

"ಚೆಕ್‌ಡಿಸ್ಕ್ ಓಡಿಸಿದರೆ ಸಾಕು"

ಅರ್ಧ ನಿಜ. ಕರೆಂಟ್ ಹೋಗಿ ಲ್ಯಾಪ್‌ಟಾಪ್ ದಿಢೀರನೆ ಆಫ್ ಆದಾಗ ಫೈಲ್ ಪಟ್ಟಿಯಲ್ಲಿ ಆಗುವ ಗೊಂದಲವನ್ನು ಚೆಕ್‌ಡಿಸ್ಕ್ ಸರಿಪಡಿಸುತ್ತದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಮೂಲು. ಆದರೆ ಡಿಸ್ಕ್‌ನ ಯಂತ್ರಭಾಗವೇ ಕೆಡುತ್ತಿರುವಾಗ, ನಕಲು ಮಾಡಿಕೊಳ್ಳದೆ ಇದನ್ನು ಓಡಿಸುವುದು ಅಪಾಯ. ಪಟ್ಟಿ ಸರಿಹೊಂದಿಸುವ ಭರದಲ್ಲಿ ಅದು ಕೆಲವು ಫೈಲ್‌ಗಳ ಕೊಂಡಿಯನ್ನೇ ಕತ್ತರಿಸಬಹುದು.

"ಫೋನ್ ಕವರ್‌ನ ಅಯಸ್ಕಾಂತ ಹಾರ್ಡ್ ಡಿಸ್ಕ್ ಅಳಿಸುತ್ತದೆ"

ಸುಳ್ಳು. ತಲೆಯನ್ನು ಆಡಿಸಲು ಹಾರ್ಡ್ ಡಿಸ್ಕ್ ಒಳಗೇ, ತಟ್ಟೆಗಳ ಪಕ್ಕದಲ್ಲೇ, ಬಲವಾದ ನಿಯೋಡಿಮಿಯಂ ಅಯಸ್ಕಾಂತಗಳಿರುತ್ತವೆ. ಕವರ್‌ನ ಪುಟ್ಟ ಅಯಸ್ಕಾಂತ ಅದರ ಮುಂದೆ ಲೆಕ್ಕಕ್ಕಿಲ್ಲ.

"ಎಫ್5 ಒತ್ತಿ ರಿಫ್ರೆಶ್ ಮಾಡುತ್ತಿದ್ದರೆ ಡಿಸ್ಕ್ ಚುರುಕಾಗುತ್ತದೆ"

ಇಲ್ಲ. ಪರದೆಯ ಮೇಲೆ ಕಾಣುವ ಪಟ್ಟಿಯನ್ನು ಅದು ಹೊಸದಾಗಿ ಬರೆದು ತೋರಿಸುತ್ತದೆ, ಅಷ್ಟೇ.

"ನಮ್ಮ ಬಿಸಿಲಿಗೆ ಡಿಸ್ಕ್ ಬೇಗ ಸಾಯುತ್ತದೆ"

ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವುದು ಹೊಸದಲ್ಲ, ಹಾಗಾಗಿ ಈ ಮಾತು ಸಹಜವಾಗಿ ಕೇಳಿಬರುತ್ತದೆ. ಆದರೆ ಮೇಲೆ ಹೇಳಿದ ಗೂಗಲ್ ಅಧ್ಯಯನದಲ್ಲಿ ಸಾಧಾರಣ ಉಷ್ಣತೆಗೂ ಕೆಡುವುದಕ್ಕೂ ನಿರೀಕ್ಷಿಸಿದಷ್ಟು ಸಂಬಂಧ ಕಾಣಲಿಲ್ಲ. ತುಂಬ ಹೆಚ್ಚಿನ ಉಷ್ಣತೆ, ಹಳೆಯ ಡಿಸ್ಕ್ ಎರಡೂ ಸೇರಿದಾಗ ಮಾತ್ರ ಪರಿಣಾಮ ಕಂಡಿತು. ಹಲವು ಲ್ಯಾಪ್‌ಟಾಪ್ ಡಿಸ್ಕ್‌ಗಳನ್ನು 60 ಡಿಗ್ರಿವರೆಗೆ ತಾಳುವಂತೆ ಮಾಡಿರುತ್ತಾರೆ. ಹಾಸಿಗೆ, ದಿಂಬಿನ ಮೇಲಿಟ್ಟು ಗಾಳಿಯ ದಾರಿ ಮುಚ್ಚದಿದ್ದರೆ ಸಾಕು. ಬಿಸಿಲಿಗಿಂತ ಹೆಚ್ಚು ಹೆದರಬೇಕಾದದ್ದು ಬೀಳುವುದಕ್ಕೆ ಮತ್ತು ಕುಲುಕಾಟಕ್ಕೆ. ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗುವ ಮೊದಲೇ ಬ್ಯಾಗಿಗೆ ತುರುಕಿ ಬೈಕ್ ಹತ್ತಬೇಡಿ.

ಎಸ್‌ಎಸ್‌ಡಿ ಹಾಕಿಸಿದರೆ ಚಿಂತೆ ಇಲ್ಲವೇ?

ಹಳೆಯ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಿದರೆ ವೇಗದಲ್ಲಿ ಕಾಣುವ ವ್ಯತ್ಯಾಸ ದೊಡ್ಡದು. ಅದರಲ್ಲಿ ತಿರುಗುವ ಭಾಗಗಳಿಲ್ಲ, ಕುಲುಕಾಟ ತಾಳುತ್ತದೆ. ಆದರೆ ಎಂದಿಗೂ ಕೆಡುವುದಿಲ್ಲ ಎಂಬ ಮಾತು ತಪ್ಪು. ಕೆಡುವ ರೀತಿ ಬೇರೆ, ಅಷ್ಟೇ. ಟಿಕ್ ಟಿಕ್ ಎಂದು ಎಚ್ಚರಿಸುವುದಿಲ್ಲ. ಒಂದು ದಿನ ಲ್ಯಾಪ್‌ಟಾಪ್‌ಗೆ ಕಾಣದೇ ಹೋಗಬಹುದು. ಓದಲು ಬರುತ್ತದೆ, ಬರೆಯಲು ಬರುವುದಿಲ್ಲ ಎಂಬ ಸ್ಥಿತಿಗೂ ಬರಬಹುದು. ಅಳಿಸಿದ ಫೈಲ್ ಮರಳಿ ಪಡೆಯುವುದು ಹಾರ್ಡ್ ಡಿಸ್ಕ್‌ಗಿಂತ ಕಷ್ಟ. ಟ್ರಿಮ್ ಎಂಬ ವ್ಯವಸ್ಥೆ, ಅಳಿಸಿದ ಫೈಲಿನ ಜಾಗ ಇನ್ನು ಬೇಕಿಲ್ಲ ಎಂದು ಡಿಸ್ಕ್‌ಗೆ ಆಗಲೇ ಹೇಳಿಬಿಟ್ಟಿರುತ್ತದೆ.

ಅಂಗಡಿಗೆ ಒಯ್ಯುವಾಗ ಏನು ಹೇಳಬೇಕು?

ಹಲವರು ಹೋಗಿ "ಲ್ಯಾಪ್‌ಟಾಪ್ ಸರಿಮಾಡಿ" ಎನ್ನುತ್ತಾರೆ. ಅಂಗಡಿಯವರು ಹೇಳಿದ ಕೆಲಸ ಮಾಡಿಕೊಡುತ್ತಾರೆ: ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕುತ್ತಾರೆ. ನಿಮಗೆ ಬೇಕಾದದ್ದು ಯಂತ್ರವಲ್ಲ, ಒಳಗಿನ ಫೈಲ್ ಎಂದಾದರೆ ಅದನ್ನೇ ಹೇಳಿ. "ಡಿಸ್ಕ್ ಹೋದರೂ ಪರವಾಗಿಲ್ಲ, ಡೇಟಾ ಬೇಕು. ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಎಂದು ಚೀಟಿ ಬರೆದು ಲ್ಯಾಪ್‌ಟಾಪ್‌ಗೆ ಅಂಟಿಸಿದರೂ ತಪ್ಪಿಲ್ಲ.

ಡಿಸ್ಕ್ ಬಿಚ್ಚಿ ತಟ್ಟೆ ನೋಡುತ್ತೇವೆ ಎಂದರೆ ಒಪ್ಪಬೇಡಿ. ಧೂಳಿಲ್ಲದ ವಿಶೇಷ ಕೋಣೆಯಲ್ಲಿ ಮಾತ್ರ ಅದನ್ನು ತೆರೆಯಬೇಕು. ಅಂಥ ಸೇವೆ ದೊಡ್ಡ ನಗರಗಳಲ್ಲಿದೆ. ಖರ್ಚು ಹಳೆಯ ಲ್ಯಾಪ್‌ಟಾಪ್‌ನ ಬೆಲೆಯನ್ನೇ ಮೀರಬಹುದು, ಎಲ್ಲ ಸಿಗುತ್ತದೆಂಬ ಖಾತರಿಯೂ ಇರುವುದಿಲ್ಲ. ಈಚಿನ ವಿಂಡೋಸ್ ಲ್ಯಾಪ್‌ಟಾಪ್ ಆದರೆ ಬಿಟ್‌ಲಾಕರ್ ಬೀಗ ಬಿದ್ದಿದೆಯೇ ನೋಡಿಕೊಳ್ಳಿ. ಅದರ ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಕೀಲಿ ಇಲ್ಲದೆ ಡಿಸ್ಕ್ ಹೊರತೆಗೆದರೆ ಫೈಲ್ ತೆರೆಯುವುದಿಲ್ಲ. ಬದಲಿಸಿದ ಹಳೆಯ ಡಿಸ್ಕನ್ನು ಅಲ್ಲೇ ಬಿಟ್ಟುಬರಬೇಡಿ, ಕೇಳಿ ತೆಗೆದುಕೊಳ್ಳಿ. ನಿಮಗೆ ತೆರೆಯದ ಡಿಸ್ಕ್ ಬೇರೆಯವರಿಗೆ ತೆರೆಯಬಹುದು.

ಕೆಡುವ ಮೊದಲೇ ಮಾಡಬೇಕಾದದ್ದು

ಫೋಟೊಗ್ರಾಫರ್ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಎಂಬ ಸೂತ್ರವಿದೆ. ಬೇಕಾದ ಫೈಲಿನ ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ, ಒಂದು ಮನೆಯಿಂದ ಹೊರಗೆ. ನಮ್ಮ ಮನೆಗೆ ಒಗ್ಗಿಸಿದರೆ ಇಷ್ಟು: ಲ್ಯಾಪ್‌ಟಾಪ್‌ನಲ್ಲಿ ಒಂದು, ಪೆನ್‌ಡ್ರೈವ್ ಅಥವಾ ಹೊರಗಿನ ಡಿಸ್ಕ್‌ನಲ್ಲಿ ಒಂದು, ಗೂಗಲ್ ಡ್ರೈವ್‌ನಂಥ ಕಡೆ ಅಥವಾ ಬೇರೆ ಊರಿನ ಬಂಧುಗಳ ಬಳಿ ಒಂದು. ಒಂದೇ ಡಿಸ್ಕ್‌ನ ಡಿ ಡ್ರೈವ್‌ಗೆ ನಕಲು ಮಾಡಿದರೆ ಬ್ಯಾಕಪ್ ಆಗುವುದಿಲ್ಲ. ಸಿ, ಡಿ ಎರಡೂ ಇರುವುದು ಅದೇ ತಟ್ಟೆಗಳ ಮೇಲೆ, ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ. ಐದುನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಎಂಬ ಲಿಂಕ್ ಬಂದರೆ ಅದರ ಮೇಲೆ ಏನನ್ನೂ ನಂಬಿ ಇಡಬೇಡಿ. ಇಲ್ಲದ ಜಾಗವನ್ನು ಇದೆ ಎಂದು ತೋರಿಸುವ ನಕಲಿ ಸಾಧನಗಳು ಮಾರುಕಟ್ಟೆಯಲ್ಲಿ ಬಹಳ ಇವೆ.

ಮಾರ್ಚ್ 31ನ್ನು ಜಗತ್ತಿನ ಹಲವೆಡೆ ಬ್ಯಾಕಪ್ ದಿನ ಎಂದು ಆಚರಿಸುತ್ತಾರೆ. ನಮ್ಮ ಅಂಗಡಿಗಳಲ್ಲಿ ವರ್ಷದ ಲೆಕ್ಕ ಮುಗಿಸುವ ದಿನವೂ ಅದೇ. ಲೆಕ್ಕದ ಜೊತೆಗೆ ಒಂದು ನಕಲು ತೆಗೆದಿಟ್ಟರೆ ಹೆಚ್ಚಿನ ಹೊತ್ತು ಹಿಡಿಯುವುದಿಲ್ಲ.

ಒಟ್ಟಾರೆ

ಹಾರ್ಡ್ ಡಿಸ್ಕ್ ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಸಂದೇಶ ತಪ್ಪು. ಫಾರ್ಮ್ಯಾಟ್ ಮಾಡಿದರೆ ಸವೆದ ಡಿಸ್ಕ್ ಗುಣವಾಗುತ್ತದೆ ಎಂಬುದೂ ತಪ್ಪು. ಸ್ಲೋ ಆದ ಮಾತ್ರಕ್ಕೆ ಡಿಸ್ಕ್ ಕೆಟ್ಟಿದೆ ಎಂದಲ್ಲ. ಸ್ಮಾರ್ಟ್ ವರದಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಕೆಡುವುದಿಲ್ಲ ಎಂದೂ ಅಲ್ಲ. ಅನುಮಾನ ಬಂದರೆ ಮೊದಲು ನಕಲು ಮಾಡಿ, ಆಮೇಲೆ ಉಳಿದದ್ದು.

ಆ 31 ಹಾಡುಗಳು ಈಗ ನಮ್ಮ ಮೂರು ಮನೆಗಳಲ್ಲಿವೆ. ಫ್ರೀಜರ್ ಸಂದೇಶ ಬಂದಿದ್ದ ಗ್ರೂಪಿಗೇ ತಂಗಿ ಅಜ್ಜಿಯ ಒಂದು ಸೋಬಾನೆ ಪದ ಹಾಕಿದಳು. ಆ ಸಂದೇಶ ಕಳಿಸಿದ್ದ ನಮ್ಮ ಸೋದರಮಾವ ಅದನ್ನು ಡೌನ್‌ಲೋಡ್ ಮಾಡಿಕೊಂಡು, "ಇದನ್ನ ಎಲ್ಲಿ ಇಟ್ಟರ ಹೋಗಂಗಿಲ್ಲ?" ಎಂದು ಕೇಳಿದರು. "ಒಂದ ಕಡೆ ಇಡಬ್ಯಾಡ್ರಿ ಮಾಮಾ" ಎಂದೆ.